ತಿರುಗದ ಬೋಲ್ಟ್, ಸವೆದ ತಲೆ, ಒಳಗೇ ಉಳಿದ ತುಂಡು: ಬೈಕ್ ಬೋಲ್ಟ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಆಯಿಲ್ ಬದಲಿಸುವವರಿಗೆ, ಬ್ರೇಕ್ ಪ್ಯಾಡ್ ಹಾಕಿಕೊಳ್ಳುವವರಿಗೆ, ಏರ್ ಫಿಲ್ಟರ್ ಬಿಚ್ಚಿ ಒರೆಸುವವರಿಗೆ ಇಂಜಿನ್ ಅಷ್ಟಾಗಿ ಕಾಟ ಕೊಡುವುದಿಲ್ಲ. ಕಾಟ ಕೊಡುವುದು ಬೋಲ್ಟ್. ಹತ್ತು ನಿಮಿಷದ ಕೆಲಸ ಅಂತ ಕೂತರೆ ಒಂದು ಸ್ಕ್ರೂ ಇಡೀ ಭಾನುವಾರವನ್ನು ತಿಂದುಹಾಕುತ್ತದೆ.

ಕೆಳಗಿನ ಉತ್ತರಗಳೆಲ್ಲ ಒಂದೇ ಲೆಕ್ಕದ ಮೇಲೆ ನಿಂತಿವೆ. ಬೋಲ್ಟಿಗೆ ಹತ್ತಿಪ್ಪತ್ತು ರೂಪಾಯಿ. ಅದು ಕೂತಿರುವ ಅಲ್ಯೂಮಿನಿಯಂ ಕೇಸಿಗೆ, ಅಂದರೆ ಇಂಜಿನ್ನಿನ ಹೊರಕವಚಕ್ಕೆ, ಸಾವಿರಗಟ್ಟಲೆ. ಎರಡರಲ್ಲಿ ಒಂದು ಹಾಳಾಗಲೇಬೇಕು ಅಂತ ಬಂದರೆ ಬೋಲ್ಟ್ ಹಾಳಾಗಲಿ.

ಬೋಲ್ಟ್ ಅಲುಗುತ್ತಲೇ ಇಲ್ಲ. ಇನ್ನೂ ಸ್ವಲ್ಪ ಜೋರು ಹಾಕಲಾ?

ಮೊದಲು ಕೈ ತೆಗೆಯಿರಿ. ಯಾವ ಕಡೆ ತಿರುಗಿಸುತ್ತಿದ್ದೀರಿ ಅಂತ ನೋಡಿ. ನಗಬೇಡಿ, ಬೈಕಿನ ಕೆಳಗೆ ತಲೆ ತೂರಿಸಿಕೊಂಡು ನೋಡುವಾಗ ಎಡ-ಬಲ ಅದಲುಬದಲಾಗುವುದು ತೀರಾ ಸಾಮಾನ್ಯ. ಕೆಲವು ಜಾಗದಲ್ಲಿ ಥ್ರೆಡ್ಡೇ, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆಯೇ, ಉಲ್ಟಾ ಇರುತ್ತದೆ. ಯಮಹಾ ಬೈಕುಗಳ ಬಲಗಡೆ ಕನ್ನಡಿ ಅದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಎಡಕ್ಕೆ ತಿರುಗಿಸಿದಷ್ಟೂ ಟೈಟ್ ಆಗುತ್ತಾ ಹೋಗುತ್ತದೆ.

ದಿಕ್ಕು ಸರಿ ಇದ್ದರೆ ಕೈಗೆ ಏನು ಗೊತ್ತಾಗುತ್ತಿದೆ ಅನ್ನುವುದನ್ನು ಗಮನಿಸಿ. ಬರೀ ಬಿಗಿಯಾಗಿರುವ ಬೋಲ್ಟ್ ಕಲ್ಲಿನ ಹಾಗೆ ನಿಂತಿದ್ದು ಒಮ್ಮೆಗೇ ಟಕ್ ಅಂತ ಬಿಡುತ್ತದೆ. ಮುರಿಯಲು ಹೊರಟಿರುವ ಬೋಲ್ಟ್ ಹಾಗಲ್ಲ. ಸ್ಪ್ಯಾನರ್ ನಿಧಾನವಾಗಿ ಸರಿಯುತ್ತದೆ, ಆದರೆ ಬಿಗಿ ಕಡಿಮೆಯಾಗುವುದಿಲ್ಲ. ಬೋಲ್ಟ್ ಬಿಚ್ಚುತ್ತಿದೆ ಅಂತ ನಮಗೆ ಖುಷಿ. ನಿಜಕ್ಕೂ ಅದು ಒಳಗೊಳಗೇ ತಿರುಚಿಕೊಳ್ಳುತ್ತಿರುತ್ತದೆ. ಈ ಮೆತ್ತನೆಯ ತಿರುವು ಕೈಗೆ ಸಿಕ್ಕ ಕೂಡಲೇ ನಿಲ್ಲಿಸಬೇಕು. ಇಡೀ ಬೋಲ್ಟ್ ಇನ್ನೂ ಕೈಲಿದೆ, ಬಿಡಿಸುವ ದಾರಿಗಳೂ ಬೇಕಾದಷ್ಟಿವೆ. ಮುರಿದ ಮೇಲೆ ಎರಡು ಮೂರು ಮಾತ್ರ ಉಳಿಯುತ್ತವೆ, ಅವೂ ದುಬಾರಿ.

ನಿಲ್ಲಿಸಿದ ಮೇಲೆ ಬೋಲ್ಟಿನ ಸುತ್ತ ತಂತಿ ಬ್ರಷ್‌ನಿಂದ ಮಣ್ಣು ತೆಗೆಯಿರಿ. ತಲೆಯ ನೆತ್ತಿಗೆ ಸುತ್ತಿಗೆಯಿಂದ ನಾಲ್ಕೈದು ಏಟು ಹಾಕಿ. ಜೋರಾಗಿ ಬೇಡ, ಚುರುಕಾಗಿರಲಿ. ತುಕ್ಕಿನ ಹಿಡಿತ ಆ ಅದುರಿಗೆ ಒಡೆಯುತ್ತದೆ. ಆಮೇಲೆ ಒಂದು ಕೂದಲೆಳೆಯಷ್ಟು ಟೈಟ್ ಕಡೆಗೆ, ಮತ್ತೆ ಲೂಸ್ ಕಡೆಗೆ. ಸ್ವಲ್ಪ ಸಡಿಲವಾದ ಕೂಡಲೇ ಒಂದೇ ಸಮನೆ ಎಳೆಯಬೇಡಿ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಹಾಕಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಒಳಗಿನ ತುಕ್ಕಿನ ಪುಡಿ ಹೊರಗೆ ಬರಬೇಕಲ್ಲ.

ಹೊಸ ಬೈಕಿನಲ್ಲೂ ಬೋಲ್ಟ್ ಜಾಮ್ ಆಗುವುದು ಯಾಕೆ?

ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್ ಸಂದಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಬೈಕುಗಳಲ್ಲಿ ಇದು ಬೇಗ ಕಾಣಿಸುವುದು ಇದಕ್ಕೇ. ಮಲೆನಾಡಿನಲ್ಲಿ ಮಳೆಗಾಲದ ಕೆಸರು ತುಕ್ಕು ತರುತ್ತದೆ. ಬಯಲು ಸೀಮೆಯಲ್ಲಿ ಕಾರಣ ಬೇರೆಯೇ ಇರುತ್ತದೆ, ಹಿಂದಿನ ಸರ್ವೀಸಿನಲ್ಲಿ ಯಾರೋ ಗಾಳಿ ಗನ್ನಿನಲ್ಲಿ ಗರ್ರ್ ಅನ್ನಿಸಿ ಟೈಟ್ ಮಾಡಿರುತ್ತಾರೆ.

ಸ್ಟಾರ್ ಸ್ಕ್ರೂ ತಲೆ ಇಷ್ಟು ಬೇಗ ಸವೆಯುತ್ತಲ್ಲ, ಸ್ಕ್ರೂ ಕ್ವಾಲಿಟಿ ಸರಿಯಿಲ್ವಾ?

ಬಹಳ ಸಲ ತಪ್ಪು ಸ್ಕ್ರೂದಲ್ಲ, ಸ್ಕ್ರೂಡ್ರೈವರಿನದು. ನಾವು ಸ್ಟಾರ್ ಅಂತ ಕರೆಯುವ ಪ್ಲಸ್ ಆಕಾರದ ತಲೆಯಲ್ಲಿ ಎರಡು ಜಾತಿ ಇವೆ. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಫಿಲಿಪ್ಸ್ ಮಾದರಿಯದು. ಜಪಾನ್ ವಿನ್ಯಾಸದಿಂದ ಬಂದ ಬೈಕುಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನ ಅಳತೆಯ ಸ್ಕ್ರೂ. ಹೀರೋ ಹೋಂಡಾ, ಕವಾಸಕಿ ಬಜಾಜ್, ಟಿವಿಎಸ್ ಸುಜುಕಿ, ಆರ್‌ಎಕ್ಸ್ 100 ಎಲ್ಲವೂ ಅದೇ ಮನೆತನದವು. ನೋಡಲು ಎರಡೂ ಒಂದೇ ಥರ. ಜೆಐಎಸ್ ತಲೆಯ ಮೇಲೆ ಎಷ್ಟೋ ಸಲ ಒಂದು ಸಣ್ಣ ಚುಕ್ಕೆ ಇರುತ್ತದೆ, ಅದೇ ಗುರುತು. ಫಿಲಿಪ್ಸ್ ಡ್ರೈವರಿನ ಮೂತಿ ಜೆಐಎಸ್ ಗುಂಡಿಯ ತಳಕ್ಕೆ ಮೊದಲೇ ತಾಗಿಬಿಡುತ್ತದೆ, ರೆಕ್ಕೆಗಳು ಪೂರ್ತಿ ಕೂರುವುದಿಲ್ಲ. ಬಲ ಹಾಕಿದಾಗ ಡ್ರೈವರ್ ಮೇಲಕ್ಕೆ ಜಾರಿ ಅಂಚನ್ನೆಲ್ಲ ಕೆರೆದುಹಾಕುತ್ತದೆ. ಜೆಐಎಸ್ ಡ್ರೈವರ್ ಒಂದು ಇಟ್ಟುಕೊಂಡರೆ ಫಿಲಿಪ್ಸ್ ಸ್ಕ್ರೂಗೂ ನಡೆಯುತ್ತದೆ.

ಸೈಜೂ ಮುಖ್ಯ. 6 ಎಂಎಂ ಸ್ಕ್ರೂಗೆ (ಈ ಅಳತೆ ಥ್ರೆಡ್ಡಿನ ದಪ್ಪದ್ದು, ತಲೆಯದಲ್ಲ) 3ನೇ ನಂಬರ್ ತುದಿ ಬೇಕು. ಮನೆಯಲ್ಲಿ ಇರುವುದು ಸಾಮಾನ್ಯವಾಗಿ 2ನೇ ನಂಬರ್. ಆರ್‌ಎಕ್ಸ್ 100ನ ಇಂಜಿನ್ ಕವರಿನ ಸ್ಕ್ರೂಗಳೆಲ್ಲ ಸವೆದು, ಕೊನೆಗೆ ಮಾಲೀಕರು ಬೇಸತ್ತು ಎಲ್ಲಕ್ಕೂ ಅಲನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಗುಂಡಿ ಇರುವಂಥದ್ದು) ಹಾಕಿಸಿರುವುದನ್ನು ಎಷ್ಟು ಗಾಡಿಗಳಲ್ಲಿ ನೋಡುತ್ತೇವೆ, ಅಲ್ವಾ? ಸುಮ್ನೆ ಆದದ್ದಲ್ಲ ಅದು.

ಎಲ್ಲಕ್ಕಿಂತ ಕುಖ್ಯಾತ ಸ್ಕ್ರೂ ಅಂದರೆ ಮುಂದಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದವು. ಎರಡೇ ಎರಡು, ಸಣ್ಣವು, ತಲೆ ಮುಚ್ಚಳದೊಳಗೆ ಇಳಿದು ಕೂತಿರುತ್ತದೆ. ಮಳೆನೀರು ಆ ಗುಂಡಿಯಲ್ಲಿ ನಿಲ್ಲುತ್ತದೆ. ವರ್ಷಗಟ್ಟಲೆ ಯಾರೂ ಬಿಚ್ಚಿರುವುದಿಲ್ಲ. ಇಲ್ಲಿ ಅವಸರ ಬೇಡವೇ ಬೇಡ. ಸೂಜಿಯಿಂದ ತಲೆಯ ಗುಂಡಿಯನ್ನು ಚೊಕ್ಕ ಮಾಡಿ, ಒಂದು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಡ್ರೈವರನ್ನು ನೇರ ಇಟ್ಟು ಹಿಡಿಕೆಯ ಮೇಲೆ ಸಣ್ಣ ಏಟುಗಳನ್ನು ಹಾಕಿ. ಆಮೇಲೆ ತಿರುಗಿಸಿ. ಒತ್ತುವ ಬಲ ತಿರುಗಿಸುವ ಬಲಕ್ಕಿಂತ ಜಾಸ್ತಿ ಇರಬೇಕು. ಟ್ಯಾಂಕಿನ ಮೇಲೆ ಒಂದು ಒದ್ದೆ ಬಟ್ಟೆ ಹಾಸಿರಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ.

ಸ್ಟಾರ್ ತಲೆ ಈಗಾಗಲೇ ಪೂರ್ತಿ ಹೋಗಿದೆ. ಈಗ?

ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ಡ್ರೈವರ್ ತುದಿಗೆ ಸ್ವಲ್ಪ ಹಚ್ಚಿ ನೋಡಿ. ಅದರ ಮರಳಿನಂಥ ಕಣಗಳು ಹಿಡಿತ ಕೊಡುತ್ತವೆ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯ ವಿಡಿಯೋಗಳಲ್ಲಿ ಚೆಂದ ಕಾಣುತ್ತದೆ. ನಿಜವಾಗಿ ಜಾಮ್ ಆದ ಸ್ಕ್ರೂ ಮುಂದೆ ಅದು ಏನೂ ಅಲ್ಲ.

ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದ್ದರೆ ಅರ್ಧ ಕೆಲಸ ಆದಂತೆ. ಒಂದೇ ಏಟಿನಲ್ಲಿ ಒತ್ತುತ್ತದೆ, ತಿರುಗಿಸುತ್ತದೆ. ಇಂಜಿನ್ ಕವರ್‌ಗೆ ಇದು ಸರಿ. ಕಾರ್ಬೊರೇಟರ್ ಬಟ್ಟಲಿನ ಸ್ಕ್ರೂಗೆ, ಹ್ಯಾಂಡಲ್ ಮೇಲಿನ ಬ್ರೇಕ್ ಡಬ್ಬಿಗೆ ಭಾರಿ ಏಟು ಹಾಕಬೇಡಿ. ಆ ಎರಕ ತೆಳು, ಬಿರುಕು ಬಿಡುತ್ತದೆ.

ತಲೆ ಮೇಲಕ್ಕೆ ಉಬ್ಬಿದ್ದರೆ ಲಾಕ್ ಆಗುವ ಪ್ಲೈಯರ್, ಅಂದರೆ ವೈಸ್ ಗ್ರಿಪ್‌ನಿಂದ ಕಚ್ಚಿ ಹಿಡಿಯಬಹುದು. ಹ್ಯಾಕ್ಸಾ ಬ್ಲೇಡಿನಿಂದ ಗೀರು ಹಾಕಿ ದಪ್ಪ ಮೈನಸ್ ಡ್ರೈವರ್ ಕೂರಿಸಬಹುದು. ತಲೆಯ ಅಂಚಿಗೆ ಸಣ್ಣ ಚಾಣ ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ಹೊಡೆಯುವುದು ಹಳೆಯ ಮೇಸ್ತ್ರಿಗಳ ವಿದ್ಯೆ. ಕೈ ಪಳಗಿದ್ದರೆ ಚೆನ್ನಾಗಿ ನಡೆಯುತ್ತದೆ.

ಯಾವುದೂ ಆಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ತೆಗೆಯಿರಿ. ಕೇಳಲು ಭಯ, ಆದರೆ ಬಹಳ ಸಲ ಇದೇ ಸುಲಭದ ದಾರಿ. ಥ್ರೆಡ್ಡಿನ ದಪ್ಪಕ್ಕಿಂತ ಒಂಚೂರು ದೊಡ್ಡ ಬಿಟ್‌ನಲ್ಲಿ ತಲೆಯ ನಡುವೆ ಕೊರೆಯುತ್ತಾ ಹೋದರೆ ತಲೆ ಉಂಗುರದ ಹಾಗೆ ಕಳಚುತ್ತದೆ. ಕವರ್ ಎತ್ತಿದರೆ ಒಂದು ಮೋಟು ಹೊರಗೆ ನಿಂತಿರುತ್ತದೆ. ಸ್ಕ್ರೂವನ್ನು ಬಿಗಿ ಹಿಡಿದಿದ್ದ ಎಳೆತ ತಲೆಯೊಂದಿಗೇ ಹೋಗಿರುತ್ತದೆ. ಆದ್ದರಿಂದ ಆ ಮೋಟು ಎಷ್ಟೋ ಸಲ ಪ್ಲೈಯರ್‌ನಲ್ಲೇ ತಿರುಗುತ್ತದೆ. ಕೇಸಿಗೆ ಒಂದು ಗೀರೂ ಬೀಳುವುದಿಲ್ಲ.

ಆರು ಮೂಲೆಯ ತಲೆ ರೌಂಡ್ ಆಗಿದೆ. ಸ್ಪ್ಯಾನರ್ ಜಾರುತ್ತಿದೆ.

ಡಬಲ್ ಎಂಡ್ ಸ್ಪ್ಯಾನರ್ ಕೆಳಗಿಡಿ. ಸ್ಕ್ರೂ ಸ್ಪ್ಯಾನರ್ ಹತ್ತಿರಕ್ಕೂ ತರಬೇಡಿ. ಅದು ನಲ್ಲಿ ಕೆಲಸಕ್ಕೆ ಇರಲಿ. ಆರು ಮೂಲೆಯ ಸಾಕೆಟ್ ತನ್ನಿ, ಹನ್ನೆರಡು ಮೂಲೆಯದಲ್ಲ. ಆರು ಮೂಲೆಯದು ತಲೆಯ ಚಪ್ಪಟೆ ಬದಿಯನ್ನು ಹಿಡಿಯುತ್ತದೆ, ಹನ್ನೆರಡರದ್ದು ಮೂಲೆಗಳನ್ನಷ್ಟೇ ಹಿಡಿಯುತ್ತದೆ.

10 ಎಂಎಂ ತಲೆ ಸವೆದಿದ್ದರೆ ಇಂಚಿನ ಸೆಟ್ಟಿನ 3/8 ಸಾಕೆಟ್ ಹೊಡೆದು ಕೂರಿಸಿ. ಅದು 9.5 ಎಂಎಂ ಚಿಲ್ಲರೆ, ಬಿಗಿಯಾಗಿ ಕಚ್ಚುತ್ತದೆ. ಇದಕ್ಕೆಂದೇ ಒಳಗೆ ಸುರುಳಿ ಹಲ್ಲಿರುವ ಸಾಕೆಟ್‌ಗಳೂ ಸಿಗುತ್ತವೆ. ಬೆಂಗಳೂರಿನವರು ಎಸ್‌ಪಿ ರೋಡ್ ಸುತ್ತಿದರೆ ಸಿಕ್ಕೇ ಸಿಗುತ್ತವೆ. ಏನೂ ಇಲ್ಲದಿದ್ದರೆ ಅರದಿಂದ ಎದುರುಬದುರು ಎರಡು ಬದಿ ಚಪ್ಪಟೆ ಉಜ್ಜಿ ವೈಸ್ ಗ್ರಿಪ್ ಹಾಕಿ.

ರೌಂಡ್ ಆಗುವುದಕ್ಕೆ ಒಂದು ಸಾಮಾನ್ಯ ಕಾರಣ 12 ಮತ್ತು 13ರ ಗೊಂದಲ. ಜಪಾನ್ ಮೂಲದ ಬೈಕಿನಲ್ಲಿ 8 ಎಂಎಂ ಬೋಲ್ಟಿಗೆ 12ರ ತಲೆ. ಹಾರ್ಡ್‌ವೇರ್ ಅಂಗಡಿಯ 8 ಎಂಎಂ ಬೋಲ್ಟಿಗೆ 13ರ ತಲೆ. ಒಂದೇ ಗಾಡಿಯಲ್ಲಿ ಎರಡೂ ಸೇರಿಕೊಂಡಿರುತ್ತವೆ. 13ರ ಸ್ಪ್ಯಾನರ್ 12ರ ಮೇಲೆ ಹೇಗೋ ನಿಲ್ಲುತ್ತದೆ, ಬಲ ಹಾಕಿದಾಗ ಮೂಲೆ ತಿನ್ನುತ್ತದೆ.

ಅಲನ್ ಬೋಲ್ಟಿನ ಒಳಗಡೆ ರೌಂಡ್ ಆದರೆ?

ಮೊದಲು ಗುಂಡಿಯೊಳಗಿನ ಮಣ್ಣು ತೆಗೆಯಿರಿ. ಕೀ ಅರ್ಧ ಮಾತ್ರ ಇಳಿದಿರುವುದೇ ಮುಕ್ಕಾಲು ಪಾಲು ಕಾರಣ. ಕೀಯ ತುದಿ ಸವೆದಿದ್ದರೆ ಗ್ರೈಂಡರ್‌ನಲ್ಲಿ ನಾಲ್ಕೈದು ಎಂಎಂ ಕತ್ತರಿಸಿ, ಹೊಸ ಮೂಲೆ ಸಿಗುತ್ತದೆ. ಗುಂಡು ತಲೆಯ ಕೀಯಿಂದ ಬಿಗಿ ಬೋಲ್ಟನ್ನು ಬಿಡಿಸಲು ಹೋಗಬೇಡಿ.

ಗುಂಡಿಯೇ ಸವೆದಿದ್ದರೆ ಆರು ಮೊನೆಯ ನಕ್ಷತ್ರದಂಥ ಟಾರ್ಕ್ಸ್ ಬಿಟ್ ಹೊಡೆದು ಕೂರಿಸಿ. 5 ಎಂಎಂ ಗುಂಡಿಗೆ ಟಿ30, 6 ಎಂಎಂ ಗುಂಡಿಗೆ ಟಿ40. ಅದರ ಹಲ್ಲುಗಳು ಉಳಿದ ಗೋಡೆಯನ್ನು ಕಚ್ಚಿಕೊಳ್ಳುತ್ತವೆ. ಹೊಡೆಯುವ ಏಟು ಬೋಲ್ಟನ್ನೂ ಸಡಿಲಿಸುತ್ತದೆ. ಬಂದ ಬೋಲ್ಟನ್ನು ಮತ್ತೆ ಹಾಕಬೇಡಿ.

ಡಬ್ಲ್ಯೂಡಿ-40 ಹೊಡೆದೆ, ಏನೂ ಆಗಲಿಲ್ಲ.

ಎಷ್ಟು ಹೊತ್ತು ಬಿಟ್ಟಿರಿ? ಹೊಡೆದು ಎರಡೇ ನಿಮಿಷಕ್ಕೆ ಸ್ಪ್ಯಾನರ್ ಹಾಕಿದರೆ ಏನೂ ಆಗುವುದಿಲ್ಲ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ತಯಾರಿಸಿದ್ದು ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲಿಕ್ಕೆ. ತುಕ್ಕಿನೊಳಗೆ ಇಳಿಯುವ ಕೆಲಸಕ್ಕೆ ಅಂತಲೇ ಬೇರೆ ಸ್ಪ್ರೇಗಳಿವೆ, ಅವು ವಾಸಿ. ಆದರೂ ಬ್ರ್ಯಾಂಡಿಗಿಂತ ಸಮಯ ದೊಡ್ಡದು. ಶನಿವಾರ ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಒಮ್ಮೆ ಬಿಡಿ. ಪ್ರತಿ ಸಲ ತಲೆಗೆ ಎರಡು ಏಟು. ಡೀಸೆಲ್ ಕೂಡ ತಕ್ಕಮಟ್ಟಿಗೆ ಇಳಿಯುತ್ತದೆ, ಊರಿನ ಗ್ಯಾರೇಜುಗಳಲ್ಲಿ ಇವತ್ತಿಗೂ ಅದೇ.

ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಆಯಿಲನ್ನು ಸಮ ಸಮ ಬೆರೆಸುವವರಿದ್ದಾರೆ. ಕೆಲಸ ಮಾಡುತ್ತದೆ. ಆದರೆ ಅಸಿಟೋನ್ ಬಣ್ಣ, ಪ್ಲಾಸ್ಟಿಕ್ ಎರಡನ್ನೂ ಕರಗಿಸುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಯಾವ ಎಣ್ಣೆಯೇ ಆಗಲಿ, ಬ್ರೇಕ್ ಡಿಸ್ಕಿಗೆ ಮತ್ತು ಪ್ಯಾಡಿಗೆ ಸಿಡಿಯಬಾರದು.

ಬಿಸಿ ಮಾಡಿದರೆ ಬಿಡುತ್ತೆ ಅಂತಾರೆ. ನಿಜವಾ?

ನಿಜ. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟಿನ ಸುತ್ತಲಿನ ಕೇಸನ್ನು ಕಾಯಿಸಿದರೆ ತೂತು ಸಡಿಲವಾಗುತ್ತದೆ. ಗಮನಿಸಿ, ಕಾಯಿಸಬೇಕಾದದ್ದು ಕೇಸನ್ನು, ಬೋಲ್ಟನ್ನಲ್ಲ. ಹೀಟ್ ಗನ್ ಸಾಕು. ಗ್ಯಾಸ್ ಜ್ವಾಲೆಯಲ್ಲಿ ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ನೇರ ಕರಗಿ ಕುಸಿಯುತ್ತದೆ.

ಬೋಲ್ಟಿಗೆ ಥ್ರೆಡ್ ಲಾಕ್ ಅಂಟು ಹಾಕಿದ್ದರೆ ಬಿಸಿಯೇ ಮದ್ದು. ಬ್ರೇಕ್ ಡಿಸ್ಕ್ ಬೋಲ್ಟುಗಳಲ್ಲಿ ಇದು ಸಾಮಾನ್ಯ. ಕೆಂಪು ಅಂಟಾದರೆ 250 ಡಿಗ್ರಿ ಹತ್ತಿರ ಹೋಗಬೇಕು, ಬಿಸಿ ಇರುವಾಗಲೇ ತಿರುಗಿಸಬೇಕು.

ಪೆಟ್ರೋಲ್ ಟ್ಯಾಂಕ್, ಕಾರ್ಬೊರೇಟರ್, ಪೆಟ್ರೋಲ್ ಪೈಪಿನ ಹತ್ತಿರ ಬಿಸಿ ಬೇಡ. ಎಣ್ಣೆ ಸ್ಪ್ರೇ ಮಾಡಿದ್ದರೆ ಒರೆಸಿ, ಆಮೇಲೆ ಕಾಯಿಸಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಅಥವಾ ವೆಲ್ಡಿಂಗ್ ತಾಗಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೋಲ್ಟ್ ಕಟ್ ಆಗಿ ತುಂಡು ಒಳಗೇ ಉಳಿದಿದೆ. ಡ್ರಿಲ್ ಮಾಡಲಾ?

ತುಂಡಿನ ಸ್ವಲ್ಪ ಭಾಗ ಹೊರಗಿದ್ದರೆ ಡ್ರಿಲ್ ಮಾತೇ ಬೇಡ. ಎಣ್ಣೆ, ಬಿಸಿ, ವೈಸ್ ಗ್ರಿಪ್ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಮೋಟಿನ ಮೇಲೆ ಒಂದು ನಟ್ ಇಟ್ಟು ಒಳಗಡೆಯಿಂದ ವೆಲ್ಡ್ ಮಾಡಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಹಾಗಾಗಿ ಕೇಸಿಗೆ ಅಂಟುವ ಭಯವಿಲ್ಲ. ವೆಲ್ಡಿಂಗಿನ ಬಿಸಿ ತುಕ್ಕನ್ನೂ ಒಡೆಯುತ್ತದೆ, ಹಿಡಿಯಲು ಹೊಸ ತಲೆಯೂ ಸಿಗುತ್ತದೆ. ಸ್ವಲ್ಪ ಆರಿದ ಮೇಲೆ ತಿರುಗಿಸಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಲೇಬೇಕು. ಇಂಧನ ಇಂಜೆಕ್ಷನ್ ಇರುವ ಬೈಕಾದರೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರಿನ ಕನೆಕ್ಟರನ್ನೂ ತೆಗೆದುಬಿಡಿ. ಅರ್ತ್ ಕ್ಲಾಂಪ್ ಆದಷ್ಟು ಹತ್ತಿರ ಇರಲಿ.

ತುಂಡು ಪೂರ್ತಿ ಒಳಗಿದ್ದರೆ ಡ್ರಿಲ್. ಇಲ್ಲಿ ಎಲ್ಲವೂ ನಿಂತಿರುವುದು ನಡುಮಧ್ಯದ ಮೇಲೆ. ಮುರಿದ ಮುಖ ಒರಟಾಗಿದ್ದರೆ ಬಿಟ್ ಪಕ್ಕಕ್ಕೆ ಓಡುತ್ತದೆ. ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಓಡುತ್ತದೆ. ಸಾಧ್ಯವಾದರೆ ಮುಖವನ್ನು ಮಟ್ಟ ಮಾಡಿ, ಚೂಪು ಮೊನೆಯ ಸೆಂಟರ್ ಪಂಚ್ ಇಟ್ಟು ಹೊಡೆದು ನಡುವೆ ಚುಕ್ಕೆ ಹಾಕಿ. ನಡುವೆ ಬೀಳದಿದ್ದರೆ ಮತ್ತೊಮ್ಮೆ ಪಂಚ್ ಹಾಕಿ ಸರಿಮಾಡಿ. ಇದಕ್ಕೆ ಅರ್ಧ ಗಂಟೆ ಹೋದರೂ ಪರವಾಗಿಲ್ಲ. 6 ಎಂಎಂ ಬೋಲ್ಟಾದರೆ 2.5 ಅಥವಾ 3 ಎಂಎಂ ಬಿಟ್‌ನಿಂದ ಶುರು. ನಿಧಾನದ ವೇಗ, ಎಣ್ಣೆ, ಆಗಾಗ ಬಿಟ್ ಹೊರತೆಗೆದು ಚೂರು ಒರೆಸುವುದು. ಎಡಕ್ಕೆ ಕೊರೆಯುವ ಬಿಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕೊರೆಯುತ್ತಿರುವಾಗಲೇ ತುಂಡು ಬಿಟ್‌ಗೆ ಸಿಕ್ಕಿ ಹೊರಗೆ ಬಂದರೂ ಬಂತು.

ಬರಲಿಲ್ಲ ಅಂದರೆ ಬಿಟ್ ದಪ್ಪ ಮಾಡುತ್ತಾ 5 ಎಂಎಂವರೆಗೆ ಹೋಗಿ. 6 ಎಂಎಂ ಟ್ಯಾಪ್‌ಗೆ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನಕ್ಕೆ) ಬೇಕಾದ ತೂತು ಅದೇ. ನಡುವೆ ಕೊರೆದಿದ್ದರೆ ಬೋಲ್ಟಿನ ಥ್ರೆಡ್ ಮಾತ್ರ ಸುರುಳಿ ತಂತಿಯ ಹಾಗೆ ಉಳಿದಿರುತ್ತದೆ. ಅದನ್ನು ಚೂಪಾದ ಕಡ್ಡಿಯಿಂದ ಕೆದಕಿ ತೆಗೆದು ಟ್ಯಾಪ್ ಓಡಿಸಿದರೆ ಹಳೆಯ ಥ್ರೆಡ್ಡೇ ವಾಪಸ್. 8 ಎಂಎಂ ಬೋಲ್ಟಿಗೆ ಈ ಲೆಕ್ಕ 6.8.

ಈಸಿ ಔಟ್ ಹಾಕಿದರೆ ಸುಲಭ ಅಲ್ವಾ? ಹೆಸರಲ್ಲೇ ಈಸಿ ಇದೆ.

ಹೆಸರು ನಂಬಬೇಡಿ. ತೂತಿನೊಳಗೆ ಉಲ್ಟಾ ತಿರುಗಿಸಿ ತುಂಡನ್ನು ಕಚ್ಚಿ ಎಳೆಯುವ ಸಾಧನ ಅದು. ಬಹಳ ಗಟ್ಟಿ ಉಕ್ಕು, ಹಾಗಾಗಿ ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಇಡೀ ಬೋಲ್ಟೇ ತಾಳದೆ ಮುರಿದ ಜಾಗದಲ್ಲಿ ಅದಕ್ಕಿಂತ ಸಣ್ಣ ಕಡ್ಡಿ ತಾಳುತ್ತಾ? ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಆಮೇಲೆ ವಿದ್ಯುತ್ ಕಿಡಿಯಿಂದ ಲೋಹ ಸುಡುವ ಸ್ಪಾರ್ಕ್ ಇರೋಷನ್ ಮಷೀನ್ ಇರುವ ಕಡೆ ಹೋಗಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಿಗುತ್ತದೆ, ಹೋಬಳಿಯಲ್ಲಿ ಸಿಗುವುದಿಲ್ಲ.

ಜಾಸ್ತಿ ಟೈಟ್ ಆಗಿ ಮುರಿದ ಬೋಲ್ಟಾದರೆ, ತುಕ್ಕು ಇಲ್ಲದಿದ್ದರೆ ಈಸಿ ಔಟ್ ಹಾಕಿ. ತುಕ್ಕು ಹಿಡಿದು ಮುರಿದ ಸಣ್ಣ ಬೋಲ್ಟಿಗೆ ಹಾಕಬೇಡಿ.

ಆಯಿಲ್ ಡ್ರೈನ್ ಬೋಲ್ಟ್ ಟೈಟ್ ಆಗುತ್ತಿಲ್ಲ, ಸುಮ್ನೆ ತಿರುಗುತ್ತಲೇ ಇದೆ.

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಬೋಲ್ಟ್ ಹೊರತೆಗೆದು ಥ್ರೆಡ್ ನೋಡಿ. ಅದಕ್ಕೆ ಬೆಳ್ಳಗಿನ ಸುರುಳಿ ಸುತ್ತಿಕೊಂಡಿದ್ದರೆ ಅದು ಕೇಸಿನ ಥ್ರೆಡ್ಡೇ ಕಿತ್ತು ಬಂದದ್ದು. ಸಾಮಾನ್ಯ ಕಾರಣ ಹಳೆಯ ವಾಷರ್. ಆ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಅಮುಕಿದ ಮೇಲೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಆಯಿಲ್ ತೊಟ್ಟಿಕ್ಕುತ್ತದೆ, ಇನ್ನೊಂದಿಷ್ಟು ಟೈಟ್ ಮಾಡುತ್ತಾರೆ, ಮುಂದಿನ ಸರ್ವೀಸಿನಲ್ಲಿ ಮತ್ತೊಂದಿಷ್ಟು. ಥ್ರೆಡ್ ಪಾಪ ಎಷ್ಟು ಅಂತ ತಡೆಯುತ್ತದೆ? ಹತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಆಗುವ ನಷ್ಟ ಇದು.

ಟೆಫ್ಲಾನ್ ಟೇಪ್ ಸುತ್ತುವುದು, ಎಂಸೀಲ್ ಮೆತ್ತುವುದು ಮನೆಗೆ ತಲುಪಲಿಕ್ಕೂ ನಂಬಿಕೆಯಲ್ಲ. ಓಡುವಾಗ ಬೋಲ್ಟ್ ಬಿದ್ದರೆ ಆಯಿಲ್ ನೇರ ಹಿಂದಿನ ಚಕ್ರದ ದಾರಿಗೆ ಸುರಿಯುತ್ತದೆ. ಇಂಜಿನ್ ಹೋಗುವುದು ಆಮೇಲಿನ ಮಾತು. ಸ್ವಲ್ಪ ದಪ್ಪದ, ತಾನೇ ಥ್ರೆಡ್ ಕೊರೆದುಕೊಳ್ಳುವ ಓವರ್‌ಸೈಜ್ ಬೋಲ್ಟ್‌ಗಳು ಸಿಗುತ್ತವೆ. ಅವು ಓರೆಯಾಗಿ ಕೂತರೆ ಕೇಸ್ ಬಿರುಕು ಬಿಡುತ್ತದೆ. ನನಗೆ ಅವು ಇಷ್ಟವಿಲ್ಲ.

ಸರಿಯಾದ ರಿಪೇರಿ ಹೆಲಿಕಾಯಿಲ್ ಅಥವಾ ಬುಶ್. ಬುಶ್ ಅಂದರೆ ಒಳಗೆ ಥ್ರೆಡ್ ಇರುವ ಗಟ್ಟಿ ಲೋಹದ ಕೊಳವೆ. ಹೆಲಿಕಾಯಿಲ್ ಅಂದರೆ ಸ್ಟೇನ್‌ಲೆಸ್ ತಂತಿಯ ಸುರುಳಿ. ತೂತನ್ನು ದೊಡ್ಡದು ಮಾಡಿ, ಅದರದ್ದೇ ಟ್ಯಾಪ್ ಹೊಡೆದು, ಸುರುಳಿಯನ್ನು ಒಳಗೆ ತಿರುಗಿಸಿದರೆ ಹಳೆಯ ಸೈಜಿನ ಬೋಲ್ಟೇ ಮತ್ತೆ ಕೂರುತ್ತದೆ. ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ಸುರುಳಿಯ ತುದಿಯಲ್ಲಿರುವ ಸಣ್ಣ ಬಾಲವನ್ನು ಕೊನೆಗೆ ಮುರಿದು ತೆಗೆಯಬೇಕು. ಅದು ಇಂಜಿನ್ ಒಳಗೆ ಬಿದ್ದರೆ ಮ್ಯಾಗ್ನೆಟ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಸ್ಟೇನ್‌ಲೆಸ್ ಅಷ್ಟಾಗಿ ಅಂಟುವುದಿಲ್ಲ. ಆದ್ದರಿಂದ ಉದ್ದ ಮೂತಿಯ ಪ್ಲೈಯರ್‌ನಲ್ಲಿ ಹಿಡಿದುಕೊಂಡೇ ಮುರಿಯಿರಿ. ಟ್ಯಾಪ್‌ಗೆ ಗ್ರೀಸ್ ಬಳಿದರೆ ಚೂರುಗಳು ಅದರಲ್ಲೇ ಅಂಟುತ್ತವೆ. ಕೊನೆಗೆ ಮೇಲಿನಿಂದ ಸ್ವಲ್ಪ ಅಗ್ಗದ ಆಯಿಲ್ ಸುರಿದು ಕೆಳಗಿಂದ ಹರಿಯಬಿಡಿ, ಉಳಿದ ಚೂರು ತೊಳೆದುಹೋಗುತ್ತದೆ.

ಡ್ರೈನ್ ತೂತಿಗೆ ಮಾತ್ರ ಒಳ್ಳೆಯ ಲೇತ್ ಅಂಗಡಿಯಲ್ಲಿ ಗಟ್ಟಿ ಬುಶ್ ಹಾಕಿಸುವುದು ಇನ್ನೂ ವಾಸಿ. ಪದೇ ಪದೇ ಬಿಚ್ಚುವ ಜಾಗ ಅದು. ವಾಷರ್ ಕೂರುವ ಮುಖ ತೂತಿಗೆ ನೇರವಾಗಿರಲಿ ಅಂತ ಹೇಳಿ, ಇಲ್ಲದಿದ್ದರೆ ಹೊಸ ಥ್ರೆಡ್ಡಿದ್ದರೂ ಸೋರುತ್ತದೆ.

ಸ್ಪಾರ್ಕ್ ಪ್ಲಗ್ ಥ್ರೆಡ್ ಹೋದರೆ?

ಸಿಲಿಂಡರಿನ ಮೇಲಿನ ಹೆಡ್ ಬಿಚ್ಚಿಸಿ ಮಾಡಿಸಿ. ಕೂತಲ್ಲೇ ಟ್ಯಾಪ್ ಹೊಡೆದರೆ ಚೂರು ಸಿಲಿಂಡರಿಗೆ ಬೀಳುತ್ತದೆ. ಥ್ರೆಡ್ಡೇ ಹೋಗದ ಹಾಗೆ ನೋಡಿಕೊಳ್ಳುವುದು ಸುಲಭ. ಇಂಜಿನ್ ತಣ್ಣಗಿರುವಾಗಲೇ ಪ್ಲಗ್ ಬಿಚ್ಚಿ. ಹಾಕುವಾಗ ಪ್ಲಗ್ಗಿನ ತಲೆಗೆ ಒಂದು ತುಂಡು ಪೆಟ್ರೋಲ್ ಪೈಪ್ ಸಿಕ್ಕಿಸಿ ಅದರಿಂದ ತಿರುಗಿಸಿ. ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಪ್ಲಗ್ಗಿಗೆ ತಾಮ್ರದ ಗ್ರೀಸ್ ಬೇಡ ಅಂತ ಎನ್‌ಜಿಕೆ ಕಂಪನಿಯೇ ಹೇಳುತ್ತದೆ, ಅವರ ಪ್ಲಗ್‌ಗಳಿಗೆ ಮೊದಲೇ ಲೇಪನ ಇರುತ್ತದೆ.

ಸೈಲೆನ್ಸರ್ ನಟ್ ಬಿಚ್ಚಲು ಹೋದರೆ ಸ್ಟಡ್ಡೇ ಬರುತ್ತಿದೆ.

ಸ್ಟಡ್ (ತಲೆ ಇಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್) ಪೂರ್ತಿಯಾಗಿ ಬಂದರೆ ಅದೃಷ್ಟ ಅಂದುಕೊಳ್ಳಿ. ಹೊಸದು ಹಾಕಿದರಾಯಿತು. ಆ ಜಾಗ ದಿನವೂ ಕಾದು ಆರುತ್ತದೆ, ಮುಂದಿನ ಚಕ್ರದ ನೀರೂ ಅಲ್ಲಿಗೇ ಸಿಡಿಯುತ್ತದೆ. ಮುರಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೂರ್ನಾಲ್ಕು ದಿನ ಮೊದಲೇ ಇಂಜಿನ್ ತಣ್ಣಗಿರುವಾಗ ಎಣ್ಣೆ ಬಿಡುತ್ತಾ ಬನ್ನಿ. ನಟ್ ಬಿಡುವ ಲಕ್ಷಣ ಕಾಣದಿದ್ದರೆ ಅದನ್ನೇ ಚಾಣದಿಂದ ಸೀಳಿ. ನಟ್ ಹೋದರೆ ಹೋಗಲಿ. ಹಳೆಯ ಸ್ಟಡ್ ತೆಗೆಯಬೇಕಾದರೆ ಅದರ ಮೇಲೆ ಎರಡು ನಟ್ ಒಂದಕ್ಕೊಂದು ಬಿಗಿದು ಒಳಗಿನದನ್ನು ಬಿಚ್ಚುವ ಕಡೆಗೆ ತಿರುಗಿಸಿ.

ಹೊಸ ಬೋಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ತೆಗೆದುಕೊಳ್ಳಬಹುದಾ?

ನಂಬರ್ ಪ್ಲೇಟಿಗೆ, ಪ್ಲಾಸ್ಟಿಕ್ ಕವರಿಗೆ ಆದರೆ ತೆಗೆದುಕೊಳ್ಳಿ. ಬೇರೆ ಕಡೆಗೆ ಮೂರು ವಿಷಯ ನೋಡಬೇಕು. ಮೊದಲನೆಯದು ಥ್ರೆಡ್ಡಿನ ಅಂತರ, ಅಂದರೆ ಪಿಚ್. 6 ಎಂಎಂಗೆ 1.0, 8 ಎಂಎಂಗೆ 1.25, ಇವು ಹೆಚ್ಚುಕಮ್ಮಿ ಎಲ್ಲೆಡೆ ಒಂದೇ. 10 ಎಂಎಂನಲ್ಲಿ ಎಡವುತ್ತೇವೆ. ಬೈಕಿನಲ್ಲಿ ಸಾಮಾನ್ಯವಾಗಿ 1.25, ಹಾರ್ಡ್‌ವೇರ್ ಅಂಗಡಿಯಲ್ಲಿ 1.5. ಅದು ಎರಡು ಸುತ್ತು ಹೋಗಿ ನಿಲ್ಲುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿದರೆ ಕೇಸಿನ ಕಥೆ ಮುಗಿಯಿತು. ಯಾವ ಬೋಲ್ಟೇ ಆಗಲಿ, ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು.

ಎರಡನೆಯದು ಗಟ್ಟಿತನ. ತಲೆಯ ಮೇಲೆ 8.8 ಅಂತ ಇದ್ದರೆ ಮೊದಲ ಅಂಕಿ 800 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ ಅಂತ, ಎರಡನೆಯದು ಅದರ ಶೇಕಡಾ 80ಕ್ಕೆ ಹಿಗ್ಗಲು ಶುರುವಾಗುತ್ತದೆ ಅಂತ. ಏನೂ ಬರೆದಿಲ್ಲದ ಬೋಲ್ಟನ್ನು ಬ್ರೇಕಿಗೆ, ಆಕ್ಸಲಿಗೆ, ಇಂಜಿನ್ ಮೌಂಟಿಂಗಿಗೆ ಹಾಕಬೇಡಿ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಚೆಂದ, ತುಕ್ಕೂ ಹಿಡಿಯುವುದಿಲ್ಲ. ಆದರೆ ಸಾಮಾನ್ಯ ಎ2-70 ಸ್ಟೇನ್‌ಲೆಸ್ 8.8ರಷ್ಟು ಗಟ್ಟಿಯಲ್ಲ. ಅದರ ಸುತ್ತಲಿನ ಅಲ್ಯೂಮಿನಿಯಂ ಇನ್ನೂ ಬೇಗ ಕೊರೆಯುತ್ತದೆ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರಿಗೆ ಹಾಕುವ ಶೋಕಿ ಬೇಡ.

ಮೂರನೆಯದು ಉದ್ದ. ತಳ ಮುಚ್ಚಿದ ತೂತಿಗೆ ಉದ್ದದ ಬೋಲ್ಟ್ ಹಾಕಿದರೆ ತಳವೇ ಒಡೆಯುತ್ತದೆ. ಕ್ಲಚ್ ಕವರ್ ಬಿಚ್ಚುವಾಗ ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲೇ ಬೋಲ್ಟ್ ಚುಚ್ಚಿಡಿ. ಆ ಉದ್ದ ಈ ಉದ್ದ ಅಂತ ಆಮೇಲೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಹಳೆಯ ಬುಲೆಟ್, ಯೆಜ್ಡಿಗೂ ಇದೇ ಸೈಜುಗಳಾ?

ಯೆಜ್ಡಿಗೆ ಹೆಚ್ಚು ಚಿಂತೆಯಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಮೂಲ ಚೆಕ್ ದೇಶದ ವಿನ್ಯಾಸ, ಅಳತೆ ಮಿಲಿಮೀಟರಿನದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಂದರೆ ತೀರಾ ಹೊಸ ಯೆಜ್ಡಿಯ ಮೂಲ ಬೋಲ್ಟಿಗೂ ಹತ್ತಿರ ಮೂವತ್ತು ವರ್ಷ. ಎಣ್ಣೆಗೆ ಹೆಚ್ಚು ಸಮಯ ಕೊಡಿ.

ಹಳೆಯ ಎರಕದ ಕಬ್ಬಿಣದ ಬುಲೆಟ್ ಬೇರೆಯೇ ಲೋಕ. ಅದರಲ್ಲಿ ಬ್ರಿಟಿಷ್ ಇಂಚಿನ ಥ್ರೆಡ್‌ಗಳಿವೆ. ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್‌ನದು 60. ಹತ್ತಿರದ ಮೆಟ್ರಿಕ್ ಬೋಲ್ಟ್ ತಿರುಗಿದಂತೆ ಅನ್ನಿಸಿದರೂ ಅದು ಕೂತದ್ದಲ್ಲ, ಕೊರೆದದ್ದು. ಬುಲೆಟ್ ಸ್ಪೇರ್ ಇಡುವ ಅಂಗಡಿಗೆ ಹಳೆಯ ಬೋಲ್ಟ್ ತೆಗೆದುಕೊಂಡೇ ಹೋಗಿ. ಬೆಂಗಳೂರಲ್ಲಾದರೆ ಜೆಸಿ ರೋಡ್.

ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಬೇಕೇ ಬೇಕಾ? ನಮ್ಮ ಮೆಕ್ಯಾನಿಕ್ ಕೈಯಲ್ಲೇ ಟೈಟ್ ಮಾಡುತ್ತಾರೆ.

ಅವರ ಕೈಗೆ ಎಷ್ಟೋ ವರ್ಷದ ಅಭ್ಯಾಸವಿದೆ. ನಮ್ಮದಕ್ಕೆ ಇಲ್ಲ. ಹೋಂಡಾ ಸರ್ವೀಸ್ ಪುಸ್ತಕಗಳಲ್ಲಿ ಸಾಮಾನ್ಯ ಬೋಲ್ಟ್‌ಗಳಿಗೆ ಕೊಡುವ ಲೆಕ್ಕ ಹೀಗಿದೆ: 5 ಎಂಎಂಗೆ 5 ನ್ಯೂಟನ್ ಮೀಟರ್, 6 ಎಂಎಂಗೆ 10, 8 ಎಂಎಂಗೆ 22, 10 ಎಂಎಂಗೆ 34. 10 ನ್ಯೂಟನ್ ಮೀಟರ್ ಅಂದರೆ 20 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಐದು ಕೆಜಿಯಷ್ಟು ಎಳೆತ, ಅಷ್ಟೇ. ನಾವು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತೇವೆ. ರೆಂಚ್ ಇಲ್ಲದಿದ್ದರೆ ಸಣ್ಣ ಬೋಲ್ಟಿಗೆ ಸ್ಪ್ಯಾನರನ್ನು ತಲೆಯ ಹತ್ತಿರ ಹಿಡಿದು ಮಣಿಕಟ್ಟಿನ ಬಲದಲ್ಲಷ್ಟೇ ತಿರುಗಿಸಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ವಾಪಸ್ ಹಾಕುವಾಗ ಗ್ರೀಸ್ ಹಚ್ಚಬೇಕಾ, ಲಾಕ್‌ಟೈಟ್ ಹಚ್ಚಬೇಕಾ?

ಅದುರಿಗೆ ಬಿಚ್ಚಿಕೊಳ್ಳಬಾರದ ಕಡೆ ಥ್ರೆಡ್ ಲಾಕ್ ಅಂಟು, ಅಂದರೆ ನೀಲಿ ಲಾಕ್‌ಟೈಟ್, ಒಂದೇ ಹನಿ. ತುಕ್ಕು ಹಿಡಿಯುವ ಕಡೆ ಆಂಟಿ ಸೀಜ್ ಪೇಸ್ಟ್, ತೆಳ್ಳಗೆ. ಸೈಲೆನ್ಸರ್ ಸ್ಟಡ್ಡಿಗೆ ತಾಮ್ರದ ಪೇಸ್ಟ್ ಚೆನ್ನಾಗಿ ಒಗ್ಗುತ್ತದೆ. ಪೇಸ್ಟ್ ಹಚ್ಚಿದ ಬೋಲ್ಟ್ ಜಾರಿ ಬೇಗ ಟೈಟ್ ಆಗುತ್ತದೆ. ಅದೇ ಟಾರ್ಕ್‌ಗೆ ಎಳೆದರೆ ಬೋಲ್ಟ್ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ, ಸ್ವಲ್ಪ ಕಡಿಮೆ ಮಾಡಿ.

ಯಾವುದನ್ನು ಮನೆಯಲ್ಲಿ ಮುಟ್ಟಲೇಬಾರದು?

ಬ್ರೇಕ್ ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಒಳಗೆ ಟೊಳ್ಳು, ಮುರಿಯುವುದು ಸುಲಭ. ಮುರಿದರೆ ಗ್ಯಾರೇಜಿಗೆ ಕೊಡಿ. ಬ್ರೇಕಿನ ಯಾವುದೇ ಥ್ರೆಡ್ ಹೋದರೂ ಅಷ್ಟೇ. ಸಿಲಿಂಡರ್ ಹೆಡ್ಡಿನ ಸ್ಟಡ್, ಹಿಂದಿನ ಚಕ್ರದ ಆಕ್ಸಲ್, ಫೋರ್ಕಿನ ಬೋಲ್ಟ್ ಕೂಡ ಅದೇ ಪಟ್ಟಿಗೆ. ಇವು ರಸ್ತೆಯಲ್ಲಿ ಕೈಕೊಟ್ಟರೆ ಮತ್ತೊಂದು ಅವಕಾಶ ಇರುವುದಿಲ್ಲ.

ಒಂದು ಥ್ರೆಡ್ ಹೋಗಿದ್ದಕ್ಕೆ ಇಡೀ ಕ್ರ್ಯಾಂಕ್‌ಕೇಸ್ ಬದಲಿಸಬೇಕು ಅಂತ ಸರ್ವೀಸ್ ಸೆಂಟರಿನವರು ಹೇಳುತ್ತಿದ್ದಾರೆ.

ಕೇಸಿಗೆ ಬಿರುಕು ಬಿದ್ದಿದೆಯಾ ಅಂತ ಕೇಳಿ, ತೋರಿಸಿ ಅನ್ನಿ. ಬಿರುಕಿದ್ದರೆ ಅವರ ಮಾತಿನಲ್ಲಿ ಅರ್ಥವಿದೆ. ಥ್ರೆಡ್ ಮಾತ್ರ ಹೋಗಿದ್ದರೆ ಬೇಕಿಲ್ಲ. ಬಿಡಿಭಾಗ ಬದಲಿಸುವುದು ಅವರ ಪದ್ಧತಿ, ಕೊರೆದು ಸರಿಮಾಡುವುದು ಬೇರೆಯವರ ಕಸುಬು. ವಾರಂಟಿ ಇನ್ನೂ ಇದ್ದರೆ ಹಿಂದಿನ ಸರ್ವೀಸ್ ಬಿಲ್ ಮುಂದಿಟ್ಟು ಮೊದಲು ಅಲ್ಲೇ ಮಾತಾಡಿ, ಹೊರಗೆ ಟ್ಯಾಪ್ ಹೊಡೆಸಿದ ಮೇಲೆ ವಾದ ಕಷ್ಟ. ವಾರಂಟಿ ಮುಗಿದಿದ್ದರೆ ಗಾಡಿಯನ್ನು ಲೇತ್ ಅಂಗಡಿಗೆ ಒಯ್ದು ಹೆಲಿಕಾಯಿಲ್ ಅಥವಾ ಬುಶ್ ಹಾಕುತ್ತೀರಾ ಅಂತ ಕೇಳಿ, ಹಿಂದೆ ಮಾಡಿದ ಕೆಲಸ ಇದ್ದರೆ ನೋಡಿ. ಹಳೆಯ ಬೋಲ್ಟ್ ಜೇಬಿನಲ್ಲಿರಲಿ, ಥ್ರೆಡ್ ಅಳತೆಗೆ ಅವರು ಮೊದಲು ಕೇಳುವುದು ಅದನ್ನೇ.